ಸದ್ದಿಲ್ಲದೆ ಬಾಳುವ ಬಗೆ: ಲಾಡಿಹುಳುಗಳಿಗೊಂದು ಕೈಪಿಡಿ

ಬಳಕೆಗೆ ಮುನ್ನ ಓದಿಕೊ

ಮರಿ, ಒಳಗೆ ಕಾಲಿಡುವ ಮುಂಚೆ ಈ ಕೈಪಿಡಿಯನ್ನು ಪೂರ್ತಿ ಓದಿಕೊ. ನಿನಗೆ ಇಡಲು ಕಾಲಿಲ್ಲ, ಓದಲು ಕಣ್ಣಿಲ್ಲ, ಗಟ್ಟಿಯಾಗಿ ಒಪ್ಪಿಸಲು ಬಾಯಿಯೂ ಇಲ್ಲ ಎಂಬುದು ನಮಗೆ ಗೊತ್ತು. ಆದರೂ ನಮ್ಮ ಕುಲ ಇದನ್ನು ಲಕ್ಷಾಂತರ ವರ್ಷಗಳಿಂದ ಓದಿಕೊಂಡೇ ಬಂದಿದೆ, ಅಕ್ಷರದಲ್ಲಲ್ಲ, ವಂಶವಾಹಿಯಲ್ಲಿ. ಪಾಠ ಮರೆತವರ ವಂಶ ಉಳಿಯಲಿಲ್ಲ, ಹಾಗಾಗಿ ಮರೆಯುವ ಅಭ್ಯಾಸವೂ ಉಳಿಯಲಿಲ್ಲ.

ನಿನ್ನ ಹೆಸರು ಟೀನಿಯಾ ಸೋಲಿಯಂ. 1758ರಲ್ಲಿ ಲಿನೇಯಸ್ ಇಟ್ಟದ್ದು. ಕನ್ನಡದವರು ಅಷ್ಟು ದೂರ ಹೋಗಲಿಲ್ಲ. ಪೈಜಾಮಕ್ಕೆ, ಲಂಗಕ್ಕೆ ಪೋಣಿಸುವ ಲಾಡಿಯ ಹಾಗೆ ಚಪ್ಪಟೆಯಾಗಿ, ಉದ್ದಕ್ಕೆ, ಬೆಳ್ಳಗಿದ್ದೀಯೆಂದು ಲಾಡಿಹುಳು ಅಂದುಬಿಟ್ಟರು. ಹೆಸರು ಸರಿಯಾಗಿಯೇ ಇದೆ. ಲಾಡಿ ಬಟ್ಟೆಯ ಮಡಿಕೆಯೊಳಗೆ ಇದ್ದಷ್ಟು ಹೊತ್ತು ಯಾರಿಗೂ ಅದರ ನೆನಪಿರುವುದಿಲ್ಲ. ಹೊರಗೆ ಇಣುಕಿತೋ, ಮಾನ ಹೋಯಿತು. ಈ ಕೈಪಿಡಿಯ ಸಾರ ಅಷ್ಟೇ.

ಪೊಟ್ಟಣದಲ್ಲಿ ಏನೇನಿದೆ

ತಲೆ, ಒಂದು. ಅಗಲ ಸುಮಾರು ಒಂದು ಮಿಲಿಮೀಟರ್, ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. ಅದರ ಮೇಲೆ ನಾಲ್ಕು ಹೀರುಬಟ್ಟಲು, ನೆತ್ತಿಯ ಸುತ್ತ ಎರಡು ಸಾಲಿನಲ್ಲಿ 22ರಿಂದ 32 ಕೊಕ್ಕೆ. ದನದ ಮಾಂಸದಲ್ಲಿ ಬರುವ ನಿನ್ನ ದಾಯಾದಿ ಟೀನಿಯಾ ಸ್ಯಾಜಿನೇಟಕ್ಕೆ ಈ ಕೊಕ್ಕೆಗಳಿಲ್ಲ. ಉದ್ದದಲ್ಲಿ ಮಾತ್ರ ಅದು ನಿನ್ನನ್ನು ಮೀರಿಸುತ್ತದೆ.

ಕೊರಳು, ಒಂದು. ಇದೇ ಕಾರ್ಖಾನೆ. ಹೊಸ ತುಂಡುಗಳು ಇಲ್ಲಿ ಹುಟ್ಟಿ ಹಿಂದಕ್ಕೆ ಸರಿಯುತ್ತ ಹೋಗುತ್ತವೆ. ಕೊನೆಗೆ ನೀನು 2ರಿಂದ 4 ಮೀಟರ್ ಉದ್ದದ, ನೂರಾರು ಬೋಗಿಗಳ ರೈಲು. ತಲೆ ಮತ್ತು ಕೊರಳು ಉಳಿದರೆ ಸಾಕು, ಕಳಚಿಹೋದ ಬೋಗಿಗಳೆಲ್ಲ ಮತ್ತೆ ಬೆಳೆಯುತ್ತವೆ.

ಸಂಸಾರ, ಪ್ರತಿ ತುಂಡಿಗೂ ಒಂದೊಂದು. ಗಂಡಿನ ಅಂಗ, ಹೆಣ್ಣಿನ ಅಂಗ ಎರಡೂ ಒಂದೇ ತುಂಡಿನಲ್ಲಿವೆ. ಹೆಣ್ಣು ನೋಡುವ ಶಾಸ್ತ್ರವಿಲ್ಲ, ಜಾತಕ ಕೂಡಿಸುವ ಗೋಜಿಲ್ಲ, ಛತ್ರದ ಬಾಡಿಗೆಯಿಲ್ಲ. ನಿನಗೆ ನೀನೇ ಬೀಗ. ಮಾಗಿದ ಒಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆ.

ಪೊಟ್ಟಣದಲ್ಲಿ ಇಲ್ಲದ್ದು: ಬಾಯಿ, ಜಠರ, ಕರುಳು. ಹುಡುಕಬೇಡ, ಕಳಿಸಿಲ್ಲ. ಇನ್ನೊಬ್ಬರ ಕರುಳಿನಲ್ಲಿ ವಾಸ ಮಾಡುವವನಿಗೆ ಸ್ವಂತ ಕರುಳು ದುಂದುಗಾರಿಕೆ.

ಮೊದಲ ಭಾಗ: ಕರುಳಿನ ವಾಸ

ಹಂತ 1. ಅರೆಬೆಂದ ಹಂದಿಮಾಂಸದ ಜೊತೆ ಒಳಗೆ ಬಾ. ಆಗ ನೀನು ಬಟಾಣಿ ಕಾಳಿನಷ್ಟು ದೊಡ್ಡ ನೀರ್ಗುಳ್ಳೆ. ತಲೆಯನ್ನು ಒಳಕ್ಕೆ ಮಡಚಿಕೊಂಡು ಕೂತಿರುತ್ತೀಯೆ. ಕೊಡಗಿನ ಪಂದಿ ಕರಿಯ ಪಾತ್ರೆ ಕಂಡರೆ ಆಸೆ ಬಿಟ್ಟುಬಿಡು. ಕಾಚಂಪುಳಿಯ ಆ ಕಪ್ಪು ಮಸಾಲೆಯಲ್ಲಿ ನಿಧಾನಕ್ಕೆ ಬೆಂದು ಮೆತ್ತಗಾದ ಮಾಂಸದಿಂದ ನಮ್ಮವರು ಯಾರೂ ಜೀವಸಹಿತ ಹೊರಬಂದಿಲ್ಲ. ಮಾಂಸದ ನಡುಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕತೆ ಮುಗಿದ ಹಾಗೆ. ನಿನಗೆ ಬೇಕಾದ್ದು ಆತುರಗಾರನ ಅಡುಗೆ, ಹೊರಗೆ ಕಂದು, ಒಳಗೆ ಹಸಿ.

ಈ ದಾರಿಯ ಗುಟ್ಟನ್ನು ಮನುಷ್ಯರು ಬಯಲು ಮಾಡಿದ್ದು 1855ರಲ್ಲಿ. ಫ್ರೆಡ್ರಿಕ್ ಕೂಶೆನ್‌ಮೈಸ್ಟರ್ ಎಂಬ ಜರ್ಮನ್ ವೈದ್ಯ, ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನಿಗೆ ನಮ್ಮ ಗುಳ್ಳೆಗಳನ್ನು ಊಟದಲ್ಲಿ ಬೆರೆಸಿ ತಿನ್ನಿಸಿದ. ಶಿಕ್ಷೆ ಜಾರಿಯಾದ ಮೇಲೆ ಹೊಟ್ಟೆ ಬಗೆದು ನೋಡಿದರೆ ಕರುಳಿನಲ್ಲಿ ಪುಟ್ಟ ಪುಟ್ಟ ಲಾಡಿಹುಳುಗಳು. ನಮ್ಮನ್ನು ನಿರ್ದಯಿಗಳು ಎನ್ನುವವರು ಸಿಕ್ಕಿದರೆ ಈ ಪ್ರಸಂಗವನ್ನು ನೆನಪಿಸು.

ಹಂತ 2. ಅಂಟಿಕೊ, ಅಗೆಯಬೇಡ. ಸಣ್ಣ ಕರುಳಿನ ಗೋಡೆಗೆ ಕೊಕ್ಕೆ ಸಿಕ್ಕಿಸಿ ಹೀರುಬಟ್ಟಲು ಒತ್ತು, ಅಷ್ಟಕ್ಕೇ ನಿಲ್ಲಿಸು. ಗೋಡೆ ಕೊರೆದರೆ ಕಾವಲಿನವರಿಗೆ ಸುದ್ದಿ ಹೋಗುತ್ತದೆ. ಕರುಳೆಂದರೆ ಮದುವೆ ಛತ್ರ. ಹಗಲೂ ರಾತ್ರಿ ಅನ್ನ, ಸಾರು, ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಬಂದು ಹೋಗುವ ಜಾಗ. ಬಂದವರನ್ನೆಲ್ಲ ಬಾಗಿಲಲ್ಲಿ ಹಿಡಿದು ವಿಚಾರಿಸುತ್ತ ನಿಂತರೆ ಪಂಕ್ತಿಯೇ ಏಳುವುದಿಲ್ಲ. ಅದಕ್ಕೇ ಅಲ್ಲಿನ ರೋಗನಿರೋಧಕ ವ್ಯವಸ್ಥೆ ಸಹನೆ ಕಲಿತಿದೆ. ಕರೆಯದೆ ಊಟಕ್ಕೆ ಬಂದವನು ಹೇಗಿರುತ್ತಾನೆ? ಗಂಡಿನ ಕಡೆಯವರು ಇವನು ಹೆಣ್ಣಿನ ಕಡೆಯವನೆಂದೂ ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ ತಿಳಿಯುವಂತೆ, ಎಲೆ ಮುಂದೆ ತಲೆ ತಗ್ಗಿಸಿ ಕೂತಿರುತ್ತಾನೆ. ಹಾಗಿರು.

ಹಂತ 3. ಚರ್ಮವನ್ನೇ ಬಾಯಿ ಮಾಡಿಕೊ. ನಿನ್ನ ಮೈಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಮನೆಯ ಯಜಮಾನ ಜೀರ್ಣಿಸಿಟ್ಟ ಸಕ್ಕರೆ, ಅಮೈನೋ ಆಮ್ಲಗಳನ್ನು ಅವುಗಳ ಮೂಲಕ ನೇರ ಹೀರಿಕೊ. ಅವನ ಜೀರ್ಣರಸ ನಿನ್ನನ್ನೇ ಜೀರ್ಣಿಸಿದರೆ ಎಂಬ ಭಯ ಬೇಡ. ಇಲಿಯ ಕರುಳಿನಲ್ಲಿ ಬಾಳುವ ನಮ್ಮ ದಾಯಾದಿ ಹೈಮನೋಲೆಪಿಸ್, ಮೈಗೆ ತಾಗಿದ ಟ್ರಿಪ್ಸಿನ್ ಕಿಣ್ವವನ್ನು ಅಲ್ಲೇ ನಿಷ್ಕ್ರಿಯ ಮಾಡುವುದನ್ನು ಪ್ರಯೋಗಾಲಯದವರು ಕಂಡಿದ್ದಾರೆ. ಮೈಯ ಹೊರಪೊರೆ ಸದಾ ಕಳಚಿ ಹೊಸದಾಗುತ್ತಲೂ ಇರುತ್ತದೆ.

ಹಂತ 4. ಗುಂಪು ಕಟ್ಟಬೇಡ. ಸಾಮಾನ್ಯವಾಗಿ ಒಂದು ಕರುಳಿಗೆ ಒಬ್ಬನೇ ಬಾಡಿಗೆದಾರ. ಸ್ಪ್ಯಾನಿಷ್ ಜನ ನಮ್ಮನ್ನು 'ಸೊಲಿಟಾರಿಯಾ', ಅಂದರೆ ಒಂಟಿ, ಎಂದೇ ಕರೆಯುತ್ತಾರೆ. ಒಂಟಿಯಾಗಿ ವರ್ಷಗಟ್ಟಲೆ ಇರು. ಯಜಮಾನನಿಗೆ ಆಗೊಮ್ಮೆ ಈಗೊಮ್ಮೆ ಹೊಟ್ಟೆ ತೊಳಸಿದಂತಾದರೆ ಹಿಂದಿನ ರಾತ್ರಿಯ ಊಟದ ಮೇಲೆ ಹಾಕುತ್ತಾನೆ. ಎಷ್ಟೋ ಮಂದಿಗೆ ಏನೂ ಅನ್ನಿಸುವುದಿಲ್ಲ. ಇದಕ್ಕೆ ಅವರು ಇಟ್ಟ ಹೆಸರು ಆರೋಗ್ಯ.

ಎರಡನೆಯ ಭಾಗ: ಮೊಟ್ಟೆಯ ಪಯಣ

ಮಾಗಿದ ತುಂಡುಗಳು ಕಳಚಿ ಮಲದ ಜೊತೆ ಹೊರಗೆ ಹೋಗುತ್ತವೆ. ಮೊಟ್ಟೆಯ ಗಾತ್ರ ಮಿಲಿಮೀಟರಿನ ನೂರರಲ್ಲಿ ಮೂರು-ನಾಲ್ಕು ಭಾಗ. ಕಣ್ಣಿಗೆ ಬೀಳುವ ಮಾತೇ ಇಲ್ಲ. ಯಜಮಾನ ಬಯಲಿಗೆ ಹೋಗುವವನಾದರೆ ಮುಂದಿನ ಕೆಲಸ ಹಂದಿಯದು. ಅದು ತಿನ್ನುತ್ತದೆ, ಹೊಟ್ಟೆಯೊಳಗೆ ಜೀರ್ಣರಸಕ್ಕೂ ಪಿತ್ತಕ್ಕೂ ಸಿಕ್ಕಿ ಮೊಟ್ಟೆಯ ಚಿಪ್ಪು ಬಿಚ್ಚಿಕೊಳ್ಳುತ್ತದೆ, ಆರು ಕೊಕ್ಕೆಯ ಮರಿಯೊಂದು ಹೊರಬಂದು ಕರುಳಿನ ಗೋಡೆ ಸೀಳಿ ರಕ್ತಕ್ಕೆ ಇಳಿಯುತ್ತದೆ.

ಎಚ್ಚರಿಕೆ. ನಿನ್ನ ಇಡೀ ಬಾಳಿನಲ್ಲಿ ಇಷ್ಟು ಅಪಾಯದ ಹೊತ್ತು ಇನ್ನೊಂದಿಲ್ಲ. ಈಗ ನೀನು ಬೆತ್ತಲೆ. ವೇಷ ಇನ್ನೂ ಹೊಲಿದಾಗಿಲ್ಲ. ಪ್ರತಿಕಾಯಗಳು ಮೈಗೆ ಅಂಟಿದರೆ, ಹಿಂದೆಯೇ ಕಾಂಪ್ಲಿಮೆಂಟ್ ಪ್ರೋಟೀನುಗಳು ಬಂದರೆ, ಉಳಿಗಾಲವಿಲ್ಲ. ಮೆಲ್ಬರ್ನ್ ವಿಶ್ವವಿದ್ಯಾಲಯದ ಮಾರ್ಷಲ್ ಲೈಟೌಲರ್ಸ್ ಮತ್ತು ಸಂಗಡಿಗರು ಕಣ್ಣಿಟ್ಟದ್ದು ಇದೇ ಗಳಿಗೆಯ ಮೇಲೆ. ಈ ಹೊತ್ತಿನಲ್ಲಿ ನಿನ್ನ ಮೈಮೇಲೆ ಇರುವ ಪ್ರೋಟೀನೊಂದನ್ನು ಆರಿಸಿ ಟಿಎಸ್ಒಎಲ್18 ಎಂಬ ಲಸಿಕೆ ಮಾಡಿದರು. ಅದನ್ನು ಹಂದಿಗೆ ಚುಚ್ಚುತ್ತಾರೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ ಅದನ್ನು ಸಿಸ್ವ್ಯಾಕ್ಸ್ ಎಂಬ ಹೆಸರಿನಲ್ಲಿ ತಯಾರಿಸುತ್ತದೆ. ಚುಚ್ಚಿಸಿಕೊಂಡ ಹಂದಿಯ ರಕ್ತಕ್ಕೆ ಇಳಿದ ಮರಿಗಾಗಿ ಪ್ರತಿಕಾಯಗಳು ಮೊದಲೇ ಕಾದು ನಿಂತಿರುತ್ತವೆ.

ಇನ್ನೊಂದು ವಿಚಾರ, ಮನೆಯೊಳಗಿನ ರಾಜಕೀಯ. ಮೊದಲು ಬಂದು ನೆಲೆನಿಂತ ಹಿರಿಯರ ವಾಸನೆಗೆ ಎಚ್ಚೆತ್ತ ವ್ಯವಸ್ಥೆ ಆ ಹಿರಿಯರನ್ನು ಮುಟ್ಟಲಾರದು, ಆದರೆ ತಡವಾಗಿ ಬಂದ ಮರಿಗಳನ್ನು ಕೊಲ್ಲುತ್ತದೆ. ಬಸ್ಸಿನಲ್ಲಿ ಸೀಟು ಹಿಡಿದವನು ಮುಂದಿನ ನಿಲ್ದಾಣದಲ್ಲಿ ಹತ್ತುವವರಿಗೆ 'ಜಾಗವಿಲ್ಲ, ಹಿಂದಿನ ಬಸ್ಸಿಗೆ ಬನ್ನಿ' ಅನ್ನುವ ಹಾಗೆ. ಹಿರಿಯರನ್ನು ಬೈಯಬೇಡ. ಬೇಗ ಹತ್ತು.

ಮೂರನೆಯ ಭಾಗ: ಕಾವಲು ದಾಟುವ ಆರು ಪಾಠ

ರಕ್ತದಲ್ಲಿ ತೇಲಿ ಮಾಂಸಖಂಡವನ್ನೋ ಮತ್ತೊಂದನ್ನೋ ಸೇರಿದ ಮೇಲೆ ನೀನು ನೀರ್ಗುಳ್ಳೆಯಾಗಿ ಬೆಳೆಯಲು ಎರಡು-ಮೂರು ತಿಂಗಳು ಬೇಕು. ವೈದ್ಯರ ಬಾಯಲ್ಲಿ ಇನ್ನು ನೀನು ಸಿಸ್ಟಿಸರ್ಕಸ್. ಇಲ್ಲಿ ಛತ್ರದ ಸಹನೆ ಇಲ್ಲ, ಮನೆಯ ಒಳಕೋಣೆಯಿದು. ಪಾಠಗಳು ಬಾಯಿಗೆ ಬಂದಿರಬೇಕು.

ಪಾಠ ಒಂದು, ಸರಪಟಾಕಿಯ ಬತ್ತಿ ನೆನೆಸುವುದು. ಕಾಂಪ್ಲಿಮೆಂಟ್ ಪ್ರೋಟೀನುಗಳ ಕ್ರಮ ದೀಪಾವಳಿಯ ಸರಪಟಾಕಿಯದು. ಮೊದಲನೆಯದು ಹೊತ್ತಿದರೆ ಎರಡನೆಯದು, ಅದರಿಂದ ಮೂರನೆಯದು, ಕೊನೆಯದು ಸಿಡಿದಾಗ ಶತ್ರುವಿನ ಪೊರೆಯಲ್ಲಿ ತೂತು. ಪ್ರತಿಕಾಯ ಹಚ್ಚುವ ಸರಕ್ಕೆ ಸಿ1ಕ್ಯು ಎಂಬ ಪ್ರೋಟೀನೇ ಬತ್ತಿ. ನಿನ್ನ ಸ್ನಾಯುವಿನ ಪ್ಯಾರಾಮಯೋಸಿನ್ ಅನ್ನು ಹೊರಕ್ಕೆ ಬಿಡು. ಅದು ಹೋಗಿ ಸಿ1ಕ್ಯುವನ್ನು ತಬ್ಬಿ ಹಿಡಿಯುತ್ತದೆ. ಬತ್ತಿ ಒದ್ದೆ, ಸರ ಠುಸ್ಸು.

ಪಾಠ ಎರಡು, ಪಕ್ಕದ ಬೀದಿಯಲ್ಲಿ ಪಟಾಕಿ ಹೊಡೆಸುವುದು. ನಿನ್ನ ಹೊರಮೈಯಲ್ಲಿ ಗಂಧಕ ಬೆರೆತ ಸಕ್ಕರೆಯ ಸರಪಳಿಗಳಿವೆ. ಅವು ಉದುರಿ ದೂರ ಹೋಗಿ, ಕಾಂಪ್ಲಿಮೆಂಟನ್ನು ನಿನ್ನಿಂದಾಚೆಗೇ ಹೊತ್ತಿಸಿ ಮುಗಿಸಿಬಿಡುತ್ತವೆ ಎಂದು ಸಂಶೋಧಕರ ಅಂದಾಜು. ಇದರ ಜೊತೆಗೆ, ಬೆಕ್ಕಿನ ಲಾಡಿಹುಳುವಿನ ಮರಿಯಲ್ಲಿ ಸಿಕ್ಕ ಟೀನಿಯಸ್ಟಾಟಿನ್ ಎಂಬ ಪದಾರ್ಥ ಈ ಸರವನ್ನೂ ತಡೆಯುತ್ತದೆ, ಬಿಳಿರಕ್ತಕಣಗಳು ಸಂಖ್ಯೆ ಹೆಚ್ಚಿಸಿಕೊಳ್ಳುವುದನ್ನೂ ತಡೆಯುತ್ತದೆ.

ಪಾಠ ಮೂರು, ಪೇದೆಯ ಅಂಗಿ. ನಿನ್ನನ್ನು ಹಿಡಿದುಕೊಡಲು ಬಂದ ಪ್ರತಿಕಾಯಗಳನ್ನೇ ಮೈತುಂಬ ಹೊದ್ದುಕೊ. ಹೊರಗಿನಿಂದ ನೋಡಿದರೆ ನೀನೂ ಮನೆಯವನೇ. ಹಸಿವಾದರೆ ಅವುಗಳನ್ನು ಒಳಕ್ಕೆಳೆದು ಒಡೆದು ಅಮೈನೋ ಆಮ್ಲ ಮಾಡಿಕೊಂಡು ತಿನ್ನು. ಬಂಧಿಸಲು ಬಂದವರಿಂದ ಅಂಗಿಯೂ ಆಯಿತು, ಊಟವೂ ಆಯಿತು.

ಪಾಠ ನಾಲ್ಕು, ಬೆಂಕಿ ಆರಿಸುವುದು. ಕಾವಲು ಕೋಶಗಳು ಸಿಟ್ಟಿಗೆದ್ದರೆ ಹೈಡ್ರೋಜನ್ ಪೆರಾಕ್ಸೈಡಿನಂಥ ಸುಡುವ ರಾಸಾಯನಿಕ ಉಗುಳುತ್ತವೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಪೆರಾಕ್ಸಿರೆಡಾಕ್ಸಿನ್, ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಎಂಬ ಮೂರು ನೀರಿನ ಕೊಡ ಸದಾ ತುಂಬಿರಲಿ. ಹೆಸರು ನೆನಪಿಡಬೇಕಾಗಿಲ್ಲ, ಕೊಡ ತುಂಬಿಡು ಅಷ್ಟೇ.

ಪಾಠ ಐದು, ಶಾಂತಿಸಭೆ. ಕಾವಲುಪಡೆಯಲ್ಲಿ ಬಡಿದು ಹಾಕುವ ದಳ ಒಂದಿದೆ, ಸಮಾಧಾನ ಹೇಳುವ ದಳ ಒಂದಿದೆ. ನೀನು ಎರಡನೆಯದರ ಕಡೆ ಮಾತಾಡು. ಪ್ರೋಸ್ಟಾಗ್ಲಾಂಡಿನ್ ಇ2 ಬಿಡು, ಐಎಲ್-10, ಟಿಜಿಎಫ್-ಬೀಟಾ ಎಂಬ ಸಮಾಧಾನದ ಸಂದೇಶಗಳು ಹೆಚ್ಚುವಂತೆ ನೋಡಿಕೊ. ನಿಯಂತ್ರಕ ಟಿ ಕೋಶಗಳು ಹಿರಿಯರ ಹಾಗೆ ನಡುವೆ ಕೂತು 'ಹೋಗಲಿ ಬಿಡ್ರಪ್ಪ' ಅನ್ನುತ್ತವೆ. ಊರ ಪಂಚಾಯಿತಿಗಳು ಮುಗಿಯುವುದು ಹೀಗೆಯೇ.

ಪಾಠ ಆರು, ಹಠಮಾರಿಗಳಿಗೆ. ಸಭೆಗೆ ಒಪ್ಪದ ಟಿ ಕೋಶ ಹತ್ತಿರ ಬಂದರೆ, ನೀನು ಸ್ರವಿಸುವ ಪ್ರೋಟಿಯೇಸ್ ಕಿಣ್ವ ಅದು ತಾನಾಗಿಯೇ ಸಾಯುವಂತೆ ಮಾಡಬಲ್ಲದು. ಪ್ರಯೋಗಾಲಯದ ತಟ್ಟೆಯಲ್ಲಿ ಇದನ್ನು ಕಂಡಿದ್ದಾರೆ. ಸದ್ದಿಲ್ಲ, ಹೆಣವಿಲ್ಲ, ದೂರು ಕೊಡುವವರಿಲ್ಲ.

ಸೂಚನೆ: ಇದನ್ನೆಲ್ಲ ಓದಿ ಬೀಗಬೇಡ. ಗೆಲುವಿನಲ್ಲಿ ಅರ್ಧ ನಮ್ಮ ಜಾಣತನ, ಇನ್ನರ್ಧ ಮನೆಯವರ ವಿವೇಕ. ಬಟಾಣಿ ಗಾತ್ರದ ಜೀವವೊಂದನ್ನು ಸ್ವಂತ ಮಾಂಸದೊಳಗೆ ಸುಟ್ಟರೆ ಸುತ್ತಲಿನ ಮಾಂಸವೂ ಸುಡುತ್ತದೆ. ಇಲಿಗೆ ಹೆದರಿ ಮನೆಗೆ ಬೆಂಕಿ ಇಡುವವರುಂಟೇ? ದೇಹ ಆ ಲೆಕ್ಕ ಹಾಕಿಯೇ ಸುಮ್ಮನಿದೆ. ಆ ಲೆಕ್ಕ ತಪ್ಪುವ ಜಾಗ ಮುಂದಿನ ಭಾಗದಲ್ಲಿದೆ.

ನಾಲ್ಕನೆಯ ಭಾಗ: ವಿಳಾಸ ತಪ್ಪಿದರೆ

ಇಲ್ಲಿಯವರೆಗೆ ಹೇಳಿದ ಗುಳ್ಳೆಯ ಮನೆ ಹಂದಿಯದು. ಆದರೆ ನಿನ್ನ ಮೊಟ್ಟೆಗೆ ಹಂದಿ ಯಾವುದು, ಮನುಷ್ಯ ಯಾರು ಎಂಬ ಭೇದ ಗೊತ್ತಿಲ್ಲ. ಮನುಷ್ಯನೇ ಅದನ್ನು ನುಂಗಿದರೆ ಅವನ ಸ್ನಾಯುವಿನಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ ಗುಳ್ಳೆ ಕಟ್ಟುತ್ತೀಯೆ. ಮಿದುಳು ಸೇರಿದರೆ ಅದರ ಹೆಸರು ನ್ಯೂರೊಸಿಸ್ಟಿಸರ್ಕೋಸಿಸ್. ಅಲ್ಲಿಂದ ಮುಂದೆ ನಿನಗೆ ದಾರಿಯಿಲ್ಲ. ನೀನು ದೊಡ್ಡವನಾಗಬೇಕಾದರೆ ಯಾರಾದರೂ ಆ ಮಾಂಸ ತಿನ್ನಬೇಕು, ಮನುಷ್ಯನ ಮಿದುಳನ್ನು ತಿನ್ನುವವರಿಲ್ಲ. ಬಾಗಿಲಿಲ್ಲದ ಕೋಣೆ ಅದು.

ಆದರೂ ನೀನು ಪಾಠ ಮರೆಯುವುದಿಲ್ಲ. ಮಿದುಳಿನ ಸುತ್ತ ಮೊದಲೇ ಒಂದು ತಡೆಗೋಡೆಯಿದೆ, ರಕ್ತದ ಕಾವಲುಗಾರರು ಅಲ್ಲಿಗೆ ಸಲೀಸಾಗಿ ಬರಲಾರರು. ನೀನು ಬದುಕಿರುವಷ್ಟು ಕಾಲ ಎಷ್ಟೋ ಸಲ ಯಜಮಾನನಿಗೆ ಏನೂ ಗೊತ್ತಾಗುವುದಿಲ್ಲ. ಭಾರತದಲ್ಲಿ ಸೇವೆ ಮುಗಿಸಿ ಇಂಗ್ಲೆಂಡಿಗೆ ಮರಳಿದ ಬ್ರಿಟಿಷ್ ಸಿಪಾಯಿಗಳೇ ಇದಕ್ಕೆ ಸಾಕ್ಷಿ. ಅಂಥ 450 ಮಂದಿಯ ವಿವರವನ್ನು ಡಿಕ್ಸನ್ ಮತ್ತು ಲಿಪ್ಸ್‌ಕಂಬ್ 1961ರಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ಮೊದಲ ಫಿಟ್ಸ್ ಬಂದದ್ದು ಕೆಲವು ವರ್ಷಗಳ ನಂತರ. ಅಪರೂಪಕ್ಕೆ 30 ವರ್ಷ ಕಳೆದ ಮೇಲೆ ಬಂದದ್ದೂ ಉಂಟು.

ಹಾಗಾದರೆ ಫಿಟ್ಸ್ ಬರುವುದು ಯಾವಾಗ? ನೀನು ಸೋತಾಗ. ವಯಸ್ಸಾಗಿ, ಪೊರೆ ಸಡಿಲಾಗಿ, ಒಳಗಿನ ನೀರು ಸೋರಿದ ದಿನ ವೇಷ ಕಳಚುತ್ತದೆ. ಅಷ್ಟು ವರ್ಷ ಪಕ್ಕದಲ್ಲೇ ಇದ್ದವನು ಪರಕೀಯನೆಂದು ಕಾವಲುಪಡೆಗೆ ಒಮ್ಮೆಗೇ ತಿಳಿಯುತ್ತದೆ. ಉರಿಯೂತ ಏಳುತ್ತದೆ, ಸುತ್ತಲಿನ ಮಿದುಳು ಬಾತುಕೊಳ್ಳುತ್ತದೆ, ನರಕೋಶಗಳು ಹದ ತಪ್ಪಿ ಕಿಡಿ ಹಾರಿಸುತ್ತವೆ. ಯಜಮಾನ ನೆಲಕ್ಕೆ ಬೀಳುತ್ತಾನೆ. ಕೊನೆಗೆ ನೀನು ಸುಣ್ಣದ ಕಲ್ಲಾಗುತ್ತೀಯೆ. ಆ ಕಲ್ಲಿನ ಸುತ್ತ ಕೂಡ ಆಮೇಲೆ ಎಂದಾದರೂ ಮಿದುಳು ಬಾತು ಮತ್ತೆ ಫಿಟ್ಸ್ ಬರಬಹುದು. ಗಮನಿಸು, ನಿನ್ನ ಗೆಲುವಿನಿಂದ ಅವನಿಗೆ ಕಾಯಿಲೆ ಬರಲಿಲ್ಲ, ನಿನ್ನ ಸಾವಿನಿಂದ ಬಂತು. ಮನೆಯವರು ಕಳ್ಳನನ್ನು ಹಿಡಿದದ್ದು ನಿಜ, ಆದರೆ ಹೊಡೆದಾಟ ನಡೆದದ್ದು ಗಾಜಿನ ಅಂಗಡಿಯಲ್ಲಿ.

ನಮ್ಮ ಸಾವನ್ನೂ ಜನ ಬೇಗ ಗುರುತಿಸಲಿಲ್ಲ. ಸಿ.ಟಿ. ಸ್ಕ್ಯಾನ್ ಬಂದ ಹೊಸತರಲ್ಲಿ, ಫಿಟ್ಸ್ ಬಂದ ಭಾರತೀಯರ ಮಿದುಳಿನಲ್ಲಿ ಒಂದೇ ಒಂದು ಪುಟ್ಟ ಉಂಗುರ ಕಂಡರೆ ಅದನ್ನು ಕ್ಷಯದ ಗಂಟೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುತ್ತಿದ್ದರು. 1980ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಆ ಗಂಟುಗಳನ್ನು ತೆಗೆದು ಪರೀಕ್ಷಿಸಿದರು. ಬಹುಪಾಲು ಗಂಟುಗಳಲ್ಲಿ ಇದ್ದದ್ದು ಸಾಯುತ್ತಿರುವ ನೀನು. ಎರಡನ್ನೂ ಬೇರೆ ಮಾಡಿ ಗುರುತಿಸಲು ಅವರು ಹಾಕಿಕೊಟ್ಟ ಲಕ್ಷಣಗಳು ಇಂದಿಗೂ ವೈದ್ಯರ ಬಳಕೆಯಲ್ಲಿವೆ.

ಇನ್ನೊಂದು ಊರಿನ ಕತೆಯನ್ನೂ ಕೈಪಿಡಿ ಮುಚ್ಚಿಡುವಂತಿಲ್ಲ. 1970ರ ದಶಕದ ಮೊದಲಲ್ಲಿ ಬಾಲಿಯಿಂದ ಹೋದ ಹಂದಿಗಳೊಂದಿಗೆ ನಮ್ಮವರು ಪಶ್ಚಿಮ ನ್ಯೂಗಿನಿಯ ಬೆಟ್ಟಗಳಲ್ಲಿನ ಎಕಾರಿ ಜನರ ನಡುವೆ ಇಳಿದರು. ಅಲ್ಲಿ ಚಳಿಗೆ ಜನ ಗುಡಿಸಲೊಳಗೆ ಬೆಂಕಿಯ ಸುತ್ತ ಮಲಗುತ್ತಾರೆ. ಕೆಲವು ವರ್ಷಗಳಲ್ಲಿ ಆಸ್ಪತ್ರೆಗೆ ಸುಟ್ಟಗಾಯದವರು ಒಬ್ಬರ ಹಿಂದೊಬ್ಬರು ಬರತೊಡಗಿದರು. ರಾತ್ರಿ ಫಿಟ್ಸ್ ಬಂದು ಬೆಂಕಿಗೆ ಉರುಳಿದವರು ಅವರು. ಆ ಹಂದಿಗಳು ಉಡುಗೊರೆಯಾಗಿ ಹೋದವು.

ದೋಷ ನಿವಾರಣೆ

ಸಮಸ್ಯೆ: ಯಜಮಾನ ಶುದ್ಧ ಸಸ್ಯಾಹಾರಿ.
ಪರಿಹಾರ: ಕರುಳಿನ ವಾಸ ಸಿಗದು, ಮಿದುಳಿನದು ಸಿಗಬಹುದು. ಹಂದಿಮಾಂಸದಿಂದ ಬರುವುದು ಕರುಳಿನ ಹುಳು. ಮಿದುಳಿಗೆ ಹೋಗುವುದು ಮೊಟ್ಟೆ, ಮೊಟ್ಟೆ ಬರುವುದು ಮನುಷ್ಯನ ಮಲದಿಂದ, ತೊಳೆಯದ ಕೈಯಿಂದ. 1992ರಲ್ಲಿ ವರದಿಯಾದ ಪ್ರಸಂಗವೊಂದರಲ್ಲಿ, ನ್ಯೂಯಾರ್ಕಿನಲ್ಲಿ ಹಂದಿಮಾಂಸವನ್ನೇ ಮುಟ್ಟದ ಸಂಪ್ರದಾಯಸ್ಥ ಯಹೂದಿ ಮನೆಗಳ ನಾಲ್ವರಿಗೆ ಮಿದುಳಿನಲ್ಲಿ ನಮ್ಮವರು ಸಿಕ್ಕಿದ್ದರು. ಹುಳುವಿದ್ದದ್ದು ತನಗೇ ತಿಳಿಯದೆ ಅಡುಗೆ, ಮನೆಗೆಲಸ ಮಾಡಿಕೊಂಡಿದ್ದವರಿಂದ ಅದು ಹರಡಿರಬೇಕೆಂದು ತೀರ್ಮಾನಿಸಿದರು. ಹಂದಿಮಾಂಸ ತಿನ್ನುವ ನೆರೆಯವನನ್ನು ಕಂಡು ಮೂಗು ಮುರಿಯುವವರಿಗೆ ನಮ್ಮಿಂದ ರಿಯಾಯಿತಿ ಇಲ್ಲ.

ಸಮಸ್ಯೆ: ಎಲೆಕೋಸು ಹೆಚ್ಚುವಾಗ ಹುಳು ಕಂಡು ಮನೆಯವರು ಚೀರಿದರು. ಅದು ಮಿದುಳಿಗೆ ಹತ್ತುತ್ತದೆಂದು ವಾಟ್ಸಾಪಿನಲ್ಲಿ ಬಂದಿದೆಯಂತೆ.
ಪರಿಹಾರ: ಅದು ಚಿಟ್ಟೆಯದೋ ಪತಂಗದ್ದೋ ಮರಿ, ಪಾಪದ್ದು. ನಮಗೂ ಅದಕ್ಕೂ ಸಂಬಂಧವಿಲ್ಲ. ನಾವು ಕೋಸಿನ ಮೇಲೆ ಇದ್ದರೂ ಕಣ್ಣಿಗೆ ಕಾಣದ ಮೊಟ್ಟೆಯಾಗಿ, ಕೊಳಚೆ ನೀರು ಕುಡಿದ ತೋಟದಿಂದ ಬಂದಿರುತ್ತೇವೆ. ಅವರು ಆ ಹಸಿರು ಹುಳುವನ್ನೇ ಹುಡುಕುತ್ತಿರಲಿ.

ಸಮಸ್ಯೆ: ಯಜಮಾನ ಇಮ್ಯುನಿಟಿ ಬೂಸ್ಟರ್ ಕುಡಿಯತೊಡಗಿದ್ದಾನೆ.
ಪರಿಹಾರ: ಗಾಬರಿ ಬೇಡ. ಮೂರನೆಯ ಭಾಗದ ಆರು ಪಾಠಗಳಲ್ಲಿ ಯಾವುದೂ ಕಷಾಯದ ಬಾಟಲಿಗೆ ಅಳಿಸುವುದಿಲ್ಲ. ಇನ್ನು ಮಿದುಳಿನ ಮನೆಯಲ್ಲಿ ಕಾವಲು ಜೋರಾದರೆ ಕಷ್ಟ ಯಜಮಾನನಿಗೇ. ಅಂಗಡಿಯ ಕಪಾಟಿನಲ್ಲಿ ನೀನು ಹೆದರಬೇಕಾದ ಸರಕು ಆ ಬಾಟಲಿಯಲ್ಲ, ಪಕ್ಕದಲ್ಲಿರುವ ಹತ್ತು ರೂಪಾಯಿಯ ಸೋಪು.

ಸಮಸ್ಯೆ: ಫೆಬ್ರವರಿ 10ರಂದು ಶಾಲೆಯಲ್ಲಿ ಜಂತುಹುಳು ನಿವಾರಣೆಯ ಮಾತ್ರೆ ಕೊಟ್ಟರು.
ಪರಿಹಾರ: ಅಲ್ಬೆಂಡಜೋಲಿನ ಆ ಒಂದು ಮಾತ್ರೆಯ ಮುಖ್ಯ ಗುರಿ ದುಂಡುಹುಳು, ಕೊಕ್ಕೆಹುಳು, ಚಾಟಿಹುಳು. ನಿನ್ನನ್ನು ಕರುಳಿನಿಂದ ಹೊರಡಿಸುವ ಮದ್ದು ಬೇರೆ, ನಿಕ್ಲೋಸಮೈಡ್ ಅಥವಾ ಪ್ರಾಜಿಕ್ವಾಂಟೆಲ್. ಮಿದುಳಿನಲ್ಲಿದ್ದಾಗ ವೈದ್ಯರು ಅಲ್ಬೆಂಡಜೋಲನ್ನು ಹಲವು ದಿನ ಕೊಡುವುದುಂಟು, ಆದರೆ ಸ್ಟೀರಾಯ್ಡ್ ಜೊತೆಗೆ. ಕಾರಣ ನಿನಗೆ ಗೊತ್ತೇ ಇದೆ. ನೀನು ಸತ್ತ ಕೂಡಲೇ ಏಳುವ ಉರಿಯೂತವನ್ನು ಹತೋಟಿಯಲ್ಲಿಡಲು. ಕೊಲ್ಲುವ ಮದ್ದಿನ ಜೊತೆ ಕಾವಲುಪಡೆಯನ್ನು ಸುಮ್ಮನಿರಿಸುವ ಮದ್ದು. ನಮ್ಮ ಐದನೆಯ ಪಾಠವನ್ನು ಅವರೂ ಓದಿಕೊಂಡಂತಿದೆ.

ಸಮಸ್ಯೆ: ಊರಿನಲ್ಲಿ ಎಲ್ಲರೂ ಶೌಚಾಲಯ ಬಳಸುತ್ತಿದ್ದಾರೆ, ಹಂದಿಗಳನ್ನು ಕಟ್ಟಿ ಸಾಕುತ್ತಿದ್ದಾರೆ.
ಪರಿಹಾರ: ಇಲ್ಲ.

ವಾರಂಟಿ

ಈ ಕೈಪಿಡಿಯ ಯಾವ ಭಾಗಕ್ಕೂ ಶಾಶ್ವತ ವಾರಂಟಿ ಇಲ್ಲ. ರೋಗನಿರ್ಮೂಲನದ ಅಂತರರಾಷ್ಟ್ರೀಯ ಕಾರ್ಯಪಡೆ 1990ರ ದಶಕದ ಮೊದಲಲ್ಲೇ ನಮ್ಮನ್ನು ನಿರ್ಮೂಲ ಮಾಡಬಹುದಾದ ಕೆಲವೇ ರೋಗಕಾರಕಗಳ ಪಟ್ಟಿಗೆ ಸೇರಿಸಿತು. ಪೆರು ದೇಶದ ಉತ್ತರದ ತುಂಬೆಸ್ ಪ್ರಾಂತದಲ್ಲಿ ಜನರಿಗೂ ಹಂದಿಗಳಿಗೂ ಮದ್ದು, ಹಂದಿಗಳಿಗೆ ಲಸಿಕೆ ಕೊಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 107 ಹಳ್ಳಿಗಳ ಪೈಕಿ 105ರಲ್ಲಿ ನಮ್ಮ ಹರಡುವಿಕೆ ನಿಂತಿತ್ತು. ಅಲ್ಲಿ ಯಾರೂ ನಮ್ಮ ಆರು ಪಾಠಗಳಿಗೆ ಉತ್ತರ ಕಂಡುಹಿಡಿಯುತ್ತ ಕೂರಲಿಲ್ಲ. ಪಾಠ ಶುರುವಾಗುವ ಮುಂಚೆಯೇ ಶಾಲೆ ಮುಚ್ಚಿದರು.

ಈ ಕೈಪಿಡಿ ಮನುಷ್ಯರ ಕೈಗೆ ಸಿಕ್ಕಿದ್ದರೆ

ಓದುಗರೇ, ಸಿಕ್ಕಿದೆ. ಆದ್ದರಿಂದ ಹುಳುವಿನ ದನಿ ಬಿಟ್ಟು ನಾಲ್ಕು ಮಾತು.

ಜಗತ್ತಿನಲ್ಲಿ 25.6 ಲಕ್ಷದಿಂದ 83 ಲಕ್ಷ ಜನ ಮಿದುಳಿನ ಈ ಕಾಯಿಲೆಯೊಂದಿಗೆ ಇದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಹುಳು ಬೇರೂರಿದ ನಾಡುಗಳ ಎಷ್ಟೋ ಕಡೆ ಮೂರ್ಛೆರೋಗದ ಪ್ರಕರಣಗಳಲ್ಲಿ ಶೇಕಡಾ 30ರಷ್ಟಕ್ಕೆ ಇದೇ ಕಾರಣ ಎಂದೂ ಅದು ಹೇಳುತ್ತದೆ. ಫಿಟ್ಸ್ ಬಂದವರನ್ನು ನಮ್ಮ ಹಳ್ಳಿಗಳಲ್ಲಿ ದೆವ್ವದ ಲೆಕ್ಕಕ್ಕೆ ಹಾಕಿದ್ದೇವೆ, ಶಾಪದ ಲೆಕ್ಕಕ್ಕೆ ಹಾಕಿದ್ದೇವೆ, ಹೆಣ್ಣುಮಗಳಾದರೆ ಮದುವೆ ತಪ್ಪೀತೆಂದು ಮುಚ್ಚಿಟ್ಟಿದ್ದೇವೆ. ಅವರಲ್ಲಿ ಎಷ್ಟೋ ಮಂದಿಯ ಮಿದುಳಿನಲ್ಲಿ ಇದ್ದದ್ದು ಬೇರೆ ಯಾರದೋ ತೊಳೆಯದ ಕೈಯಿಂದ ಬಂದ ಒಂದು ಮೊಟ್ಟೆ.

ಮೊದಲ ಸಲ ಫಿಟ್ಸ್ ಬಂದವರನ್ನು ನರರೋಗ ವೈದ್ಯರ ಹತ್ತಿರ ಕರೆದೊಯ್ಯಿರಿ, ಮಿದುಳಿನ ಸ್ಕ್ಯಾನ್ ಮಾಡಿಸಿರಿ. ಹುಳುವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನೀವೇ ನುಂಗಿಸಬೇಡಿ, ಯಾಕೆಂದು ಮೇಲೆ ಓದಿದ್ದೀರಿ. ಎದುರಿಗೇ ಯಾರಾದರೂ ಬಿದ್ದು ಒದ್ದಾಡುತ್ತಿದ್ದರೆ ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಮಗ್ಗುಲಾಗಿ ಹೊರಳಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಿ. ಬೀಗದ ಕೈ ಗೊಂಚಲು ಗೂಟದಲ್ಲೇ ಇರಲಿ, ಅದನ್ನು ಅವರ ಮುಷ್ಟಿಗೆ ಹಿಡಿಸಬೇಡಿ.